ಸ್ಪೀಚ್ ಟೀಚರ್ ಆಗಲು ಓದುತ್ತಿರುವ ಮಕ್ಕಳ ಹಣ ಕೊಡಿಸಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಹೊಸನಗರ ತಾಲೂಕಿನವಳು. ಅರ್ಧ ಎಕರೆ ಅಡಿಕೆ ತೋಟ, ಎರಡು ಹಸು, ಇಷ್ಟೇ ನಮ್ಮ ಬದುಕು. ಹೀಗೆ ಎಲ್ಲರೆದುರು ಬರೆದು ಅಭ್ಯಾಸ ಇಲ್ಲ. ಮಗಳ ವಿದ್ಯಾರ್ಥಿವೇತನ ಎರಡು ವರ್ಷದಿಂದ ಬಂದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅದನ್ನು ಕೊಡಿಸಿ.

ಅವಳು ಬಿ.ಎ.ಎಸ್.ಎಲ್.ಪಿ. ಓದುತ್ತಿದ್ದಾಳೆ, ಅಂದರೆ ಕಿವಿ ಮತ್ತು ಮಾತಿನ ತೊಂದರೆ ಇರುವವರಿಗೆ ಪರೀಕ್ಷೆ, ಚಿಕಿತ್ಸೆ ಮಾಡುವ ಡಿಗ್ರಿ. ಸ್ಪೀಚ್ ಟೀಚರ್ ಅಂದರೆ ನಮ್ಮ ಕಡೆ ಬೇಗ ಅರ್ಥ ಆಗುತ್ತದೆ. ಯಾಕೆ ಇದೇ ಓದು ಅಂತ ಎಲ್ಲರೂ ಕೇಳುತ್ತಾರೆ. ಅವಳ ತಮ್ಮನಿಗೋಸ್ಕರ.

ಅವನಿಗೆ ಮೂರು ವರ್ಷ ಕಳೆದರೂ ಮಾತು ಬರಲಿಲ್ಲ. ಗಂಡುಮಕ್ಕಳಿಗೆ ಮಾತು ತಡ ಕಣೇ ಅಂತ ಅತ್ತೆ ಸಮಾಧಾನ ಹೇಳಿದರು. ಕೊನೆಗೆ ತೋರಿಸಿದಾಗ ಕಿವಿ ಸರಿಯಾಗಿ ಕೇಳುವುದಿಲ್ಲ ಅಂತ ಗೊತ್ತಾಯಿತು. ಮೆಷಿನ್ ಹಾಕಿದರು. ಆದರೆ ಮೆಷಿನ್ ಹಾಕಿದ ಕೂಡಲೇ ಮಾತು ಬಂದುಬಿಡುವುದಿಲ್ಲ ಅಲ್ವಾ, ಕೇಳಿದ ಶಬ್ದ ಯಾವುದರದ್ದು ಅಂತ ಕಲಿಸಬೇಕು, ತುಟಿ ನಾಲಿಗೆ ಹೇಗಿಡಬೇಕು ಅಂತ ತೋರಿಸಬೇಕು, ಅದೂ ದಿನಾ. ನಮ್ಮೂರ ಹತ್ತಿರ ಕಲಿಸುವವರು ಯಾರೂ ಇರಲಿಲ್ಲ. ವಾರಕ್ಕೊಮ್ಮೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗುತ್ತಿದ್ದೆವು. ಮುಕ್ಕಾಲು ಗಂಟೆ ಪಾಠ, ಉಳಿದ ದಿನವೆಲ್ಲ ದಾರಿ. ಜಡಿಮಳೆಗೆ ಮರ ಬಿದ್ದು ಬಸ್ಸು ನಿಂತರೆ ಆ ವಾರ ಪಾಠವೂ ಇಲ್ಲ. ಆರನೇ ವರ್ಷದಲ್ಲಿ ಅವನು ಮೊದಲು ಅಂದದ್ದು "ಅಕ್ಕ". ಅಮ್ಮ ಅಲ್ಲ, ಅಕ್ಕ. ಮನೆಯಲ್ಲಿ ಕನ್ನಡಿ ಮುಂದೆ ಕೂರಿಸಿಕೊಂಡು ಕಲಿಸಿದವಳು ಅವಳೇ.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಸೀಟು ಸಿಗಲಿಲ್ಲ, ದೂರದ ಊರಿನ ಖಾಸಗಿ ಕಾಲೇಜಿಗೆ ಸೇರಿಸಿದೆವು. ಒಟ್ಟು 4 ವರ್ಷ, ಕೊನೆಯದು ಇಂಟರ್ನ್‌ಶಿಪ್. ಹಗಲೆಲ್ಲ ತರಗತಿ, ಕ್ಲಿನಿಕ್, ರಾತ್ರಿ ರೆಕಾರ್ಡ್ ಬರೆಯುವುದು. ಬೇರೆ ಕೆಲಸ ಮಾಡಿ ಫೀಸು ಕಟ್ಟು ಅಂದರೆ ಅವಳು ಯಾವಾಗ ಮಾಡಬೇಕು? ಮೊದಲ ವರ್ಷಕ್ಕೆ ಅಡಿಕೆ ಮಂಡಿಯಲ್ಲಿ ಮುಂಗಡ ತಂದೆವು. ಆಮೇಲೆ ತೋಟಕ್ಕೆ ಎಲೆಚುಕ್ಕೆ ರೋಗ ಬಂತು. ಎರಡನೇ ವರ್ಷಕ್ಕೆ ನನ್ನ ಸರ ಸೊಸೈಟಿಯಲ್ಲಿ ಅಡವಿಟ್ಟೆ. ಇನ್ನು ಇಡಲು ಏನೂ ಇಲ್ಲ.

ಅರ್ಜಿ ಮೂರು ಸಲ ಹಾಕಿದ್ದೇವೆ. ಮೂರು ಸಲವೂ ಕೋರ್ಸಿನ ಹೆಸರು ಹೊಂದುತ್ತಿಲ್ಲ ಅಂತ ವಾಪಸ್ ಬಂತು. ಈ ಆಷಾಢದಲ್ಲಿ ಮತ್ತೆ ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದವರು ಕಾಗದ ಪೂರ್ತಿ ನೋಡಲೂ ಇಲ್ಲ. "ಮಾತು ಕಲಿಸೋಕೂ ಒಂದು ಡಿಗ್ರಿನಾ? ಮೂಗರ ಹತ್ರ ಮಾತಾಡೋಕೆ ಇಷ್ಟು ದುಡ್ಡು ಯಾಕಮ್ಮಾ?" ಅಂದರು. ಮಗ ನನ್ನ ಪಕ್ಕದಲ್ಲೇ ನಿಂತಿದ್ದ. ಕಿವಿಗೆ ಮೆಷಿನ್ ಇತ್ತು. ಅವನಿಗೆ ಈಗ ಕೇಳುತ್ತದೆ, ಸ್ವಾಮಿ.

ಬಸ್ಸಿನಲ್ಲಿ ಬರುವಾಗ "ಮೂಗ ಅಂದ್ರೆ ನಾನಾ?" ಅಂತ ಕೇಳಿದ. ಏನು ಹೇಳಲಿ ನಾನು? ಅವತ್ತಿನ ರಾತ್ರಿ ಊಟ ಸೇರಲಿಲ್ಲ.

ನಿಮಗೆ ಕಾಯ್ದೆ ಗೊತ್ತಿರುತ್ತದೆ. ಅಂಗವಿಕಲರಿಗೆ ಕಲಿಸುವವರ, ಚಿಕಿತ್ಸೆ ಕೊಡುವವರ ನೋಂದಣಿ ನೋಡಿಕೊಳ್ಳುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇಲ್ಲದೆ ಈ ಕೆಲಸ ಮಾಡುವಂತಿಲ್ಲ, ಅದು 1992ರ ಕಾಯ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾತು ಮತ್ತು ಭಾಷೆಯ ತೊಂದರೆಯೂ ಸೇರಿದೆ. ಓದಿಯೇ ಮಾಡಬೇಕಾದ ಕೆಲಸ ಅಂದ ಮೇಲೆ ಓದುವವರ ಹಣ ಯಾಕೆ ತಡೆಯುತ್ತೀರಿ? ನಮ್ಮ ಮಕ್ಕಳಿಗೆ ನಮ್ಮ ಮನೆಮಾತಿನಲ್ಲೇ ಕಲಿಸುವವರು ಬೇಕು. ಮಲೆನಾಡಿಗೆ ಹೊರಗಿನಿಂದ ಯಾರು ಬಂದು ಉಳಿಯುತ್ತಾರೆ ಹೇಳಿ. ನನ್ನ ಮಗಳು ಊರಿಗೇ ಬರುತ್ತೇನೆ ಅನ್ನುತ್ತಿದ್ದಾಳೆ.

ಆ ಕೋರ್ಸಿನ ಹೆಸರಿನ ತೊಂದರೆ ಸರಿ ಮಾಡಿಸಿ. ನಿಂತ ಹಣ ಕೊಡಿಸಿ. ಇಂಟರ್ನ್‌ಶಿಪ್ ವರ್ಷಕ್ಕೆ ಊಟ, ರೂಮಿನ ಖರ್ಚಿಗಾದರೂ ಏನಾದರೂ ಮಾಡಿ. ಅವಳೊಬ್ಬಳಿಗೇ ಅಂತ ಕೇಳುತ್ತಿಲ್ಲ, ಈ ಓದು ಓದುತ್ತಿರುವ ಬಡವರ ಮಕ್ಕಳಿಗೆಲ್ಲ ಕೊಡಿಸಿ.

ಮೂರನೇ ವರ್ಷದ ಫೀಸಿಗೆ ಈ ತಿಂಗಳ ಕೊನೆಯೇ ಗಡುವು. ಮೂರೂ ಅರ್ಜಿಯ ಪ್ರತಿ ನನ್ನ ಹತ್ತಿರ ಇದೆ. ನೀವು ಊರಲ್ಲಿರುವ ದಿನ ತಿಳಿಸಿ, ಮಗನನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ,
ಹೊಸನಗರ ತಾಲೂಕಿನ ಒಬ್ಬ ತಾಯಿ