ದಸರಾ ರಜೆಗೆ ಮುನ್ನ: ಮಗನ ಚೀಲದಲ್ಲಿ ಸಿಕ್ಕ ನಾಲ್ಕು ಕವಡೆಗಳ ಬಗ್ಗೆ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ವಾರ ನಿಮ್ಮಲ್ಲೊಬ್ಬರು ಬೆಳಗಿನ ಪ್ರಾರ್ಥನೆಗೆ ಮುನ್ನ ನನ್ನ ಕೊಠಡಿಗೆ ಬಂದು, ಕಾಗದದಲ್ಲಿ ಸುತ್ತಿದ್ದ ನಾಲ್ಕು ಕವಡೆಗಳನ್ನು ಮೇಜಿನ ಮೇಲಿಟ್ಟರು. ಆರನೆಯ ತರಗತಿಯಲ್ಲಿರುವ ಮಗನ ಚೀಲದಲ್ಲಿ ಸಿಕ್ಕವಂತೆ. "ಮೇಡಂ, ಶಾಲೆಯಲ್ಲಿ ಜೂಜು ಕಲಿಸುತ್ತಿದ್ದೀರಾ?" ಎಂದು ಕೇಳಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಆತಂಕವಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿತು. ಅವಸರದಲ್ಲಿ ಏನೋ ಹೇಳಿ ಕಳುಹಿಸಿದೆ. ಆ ಉತ್ತರ ನನಗೇ ಒಪ್ಪಿಗೆಯಾಗಿಲ್ಲ. ಅವರ ಅನುಮತಿ ಪಡೆದು, ಅದೇ ಪ್ರಶ್ನೆಗೆ ಈಗ ಎಲ್ಲರಿಗೂ ನಿಧಾನವಾಗಿ ಉತ್ತರ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಈ ಸಲದ ಮಳೆಗೆ ನಮ್ಮ ಮೈದಾನ ವಾರಗಟ್ಟಲೆ ಕೆಸರುಗದ್ದೆಯಾಗಿತ್ತು. ಆಟದ ಅವಧಿಯಲ್ಲಿ ಮಕ್ಕಳನ್ನು ತರಗತಿಯೊಳಗೆ ಕೂಡಿಹಾಕಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಒಂದಿಬ್ಬರು, ನಮ್ಮಲ್ಲಿ ನಲವತ್ತು. ಒಂದು ದಿನ ಗಲಾಟೆ ತಾಳಲಾರದೆ ನಾನೇ ಸೀಮೆಸುಣ್ಣ ಹಿಡಿದು ಮೊಗಸಾಲೆಯ ನೆಲದ ಮೇಲೆ ಐದಕ್ಕೆ ಐದರ ಚೌಕಾಬಾರದ ಮನೆ ಬರೆದೆ. ಮರುದಿನ ಅಂಥವು ನಾಲ್ಕಾದವು. ಮೂರನೆಯ ದಿನ ಮಕ್ಕಳು ನನ್ನ ಸೀಮೆಸುಣ್ಣಕ್ಕಾಗಿ ಕಾಯಲಿಲ್ಲ.

ಕಟ್ಟೆಮನೆ ಎಂದರೂ ಇದೇ ಆಟ. ಇಪ್ಪತ್ತೈದು ಮನೆ, ಹೊರಸುತ್ತಿಗೆ ಹದಿನಾರು, ಒಳಸುತ್ತಿಗೆ ಎಂಟು, ನಡುವೆ ಒಂದು. ನಾಲ್ವರು ನಾಲ್ಕು ಬದಿಗೆ ಕುಳಿತು, ತಲಾ ನಾಲ್ಕು ಕಾಯಿ ನಡೆಸಬೇಕು. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ. ನಾಲ್ಕೂ ಬಾಯಿ ಮೇಲಾದರೆ ಚೌಕಾ, ನಾಲ್ಕೂ ಬೋರಲಾದರೆ ಬಾರಾ, ಅಂದರೆ ಎಂಟು. ("ಬಾರಾ ಎಂದರೆ ಹನ್ನೆರಡಲ್ಲವೇ?" ಎಂದು ನಮ್ಮ ಹಿಂದಿ ಮೇಷ್ಟರು ತಕರಾರು ತೆಗೆದರು. ಆಟದ ಲೆಕ್ಕದಲ್ಲಿ ಅದು ಎಂಟೇ ಎಂದು ಮಕ್ಕಳು ಅವರನ್ನು ಒಪ್ಪಿಸಿದರು.) ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣಾಯಿತು ಎನ್ನುತ್ತಾರೆ. ಕಾಯಿ ಹಣ್ಣಾಗುವುದು! ಇಂಥ ಮಾತು ಯಾವ ಡಬ್ಬಿಯ ಮೇಲೂ ಅಚ್ಚಾಗಿ ಬರುವುದಿಲ್ಲ.

ಗಣಿತ ಹೇಳಿಕೊಡುವವಳಾದ ನನಗೆ ಇದರಲ್ಲಿ ಇನ್ನೊಂದು ಲಾಭ ಕಂಡಿತು. ಏಳನೆಯ ತರಗತಿಯವರಿಗೆ, "ಯಾವ ಗರ ಹೆಚ್ಚು ಸಲ ಬೀಳುತ್ತದೆ?" ಎಂದು ಕೇಳಿದೆ. ಒಂದು ಕವಡೆ ಎರಡೇ ಬಗೆಯಲ್ಲಿ ಬೀಳಬಲ್ಲದು. ನಾಲ್ಕು ಕವಡೆ ಹದಿನಾರು ಬಗೆಯಲ್ಲಿ. ಅದರಲ್ಲಿ ಎರಡು ಬೀಳುವ ಬಗೆ ಆರು, ಒಂದು ಬೀಳುವುದು ನಾಲ್ಕು, ಮೂರೂ ನಾಲ್ಕು. ಚೌಕಾ ಒಂದೇ, ಬಾರಾ ಒಂದೇ. ಅಂದರೆ ಇನ್ನೊಂದು ಆಟ ಗಿಟ್ಟಿಸಿಕೊಡುವ ಆ ಎರಡು ಗರಗಳಿಗೆ ಹದಿನಾರರಲ್ಲಿ ಎರಡೇ ಅವಕಾಶ. ಕಪ್ಪುಹಲಗೆಯ ಮೇಲೆ ಇಷ್ಟು ಬರೆದು ಗೆದ್ದೆನೆಂದುಕೊಂಡಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಆದರೆ ಮಿಸ್, ಕವಡೆಯ ಬೆನ್ನು ಉಬ್ಬಿದೆ, ಹೊಟ್ಟೆ ಚಪ್ಪಟೆ. ಎರಡೂ ಕಡೆ ಸಮಸಮ ಹೇಗೆ ಬೀಳುತ್ತದೆ?" ಎಂದಳು. ಪಠ್ಯಪುಸ್ತಕದ ನಾಣ್ಯ ಎಂದೂ ಹುಟ್ಟಿಸದ ಪ್ರಶ್ನೆ ಇದು. ಆ ದಿನದಿಂದ ಅವರು ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡಿಕೊಂಡು, ಕವಡೆಗೂ ಬೀಜಕ್ಕೂ ಬೀಳುವುದರಲ್ಲಿ ವ್ಯತ್ಯಾಸವಿದೆಯೇ ಎಂದು ಗೀಟು ಹಾಕಿ ಎಣಿಸುತ್ತಿದ್ದಾರೆ. ನಿಮ್ಮ ಮಕ್ಕಳು ಅಡುಗೆಮನೆಯಿಂದ ಹುಣಸೆ ಬೀಜ ಎತ್ತಿಕೊಂಡು ಬರುತ್ತಿದ್ದರೆ ಕಾರಣ ಇದು.

ಈಗ ಜೂಜಿನ ಮಾತು. ಆ ತಂದೆಯ ಆತಂಕ ಬುಡವಿಲ್ಲದ್ದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಐದನೆಯ ತರಗತಿಯ ಮೂವರು ಪೆನ್ಸಿಲ್ ಪಣವಿಟ್ಟು ಆಡುತ್ತಿದ್ದದ್ದು ನನ್ನ ಕಣ್ಣಿಗೇ ಬಿತ್ತು. ಪೆನ್ಸಿಲ್‌ಗಳನ್ನು ಹಿಂದಿರುಗಿಸಿದ್ದಾಯಿತು, ಎರಡು ದಿನ ಅವರಿಗೆ ಆಟವಿಲ್ಲವೆಂದೂ ಆಯಿತು. ಪಗಡೆ ಎಂದಕೂಡಲೇ ನಮಗೆ ಧರ್ಮರಾಯನ ನೆನಪಾಗುವುದು ಸಹಜ. ಆದರೆ ಆ ಸಭೆಯಲ್ಲಿ ಮನೆ ಮುರಿದದ್ದು ದಾಳವಲ್ಲ, ಪಣ. ಪಣಕ್ಕಿಂತಲೂ ಹೆಚ್ಚಾಗಿ, ಸೋತವನು ಎದ್ದು ಹೋಗಲಾರದೆ ಕುಳಿತದ್ದು. ಆದ್ದರಿಂದ ನಮ್ಮ ಶಾಲೆಯಲ್ಲಿ ಇನ್ನು ಎರಡೇ ಕಟ್ಟಳೆ. ಪಣವಾಗಿ ಪೆಪ್ಪರಮಿಂಟನ್ನೂ ಇಡುವಂತಿಲ್ಲ. ಸಾಕೆನಿಸಿದವರು ಯಾವಾಗ ಬೇಕಾದರೂ ಏಳಬಹುದು, ಅವರನ್ನು ಯಾರೂ ಹೀಯಾಳಿಸುವಂತಿಲ್ಲ. ಮನೆಯಲ್ಲೂ ಇವೆರಡನ್ನು ಪಾಲಿಸಬೇಕೆಂದು ಕೋರುತ್ತೇನೆ.

ಉಳಿದ ನಿಯಮಗಳನ್ನು ಮಾತ್ರ ನಾನು ಹೇಳುವುದಿಲ್ಲ. ಬೇಕೆಂದೇ ಹೇಳುವುದಿಲ್ಲ. ಮೊಗಸಾಲೆಯಲ್ಲಿ ನಾನು ಕಂಡ ಅತ್ಯಂತ ದೊಡ್ಡ ವಿಷಯ ಇದೇ. ಮೊದಲ ವಾರದ ಜಗಳಗಳೆಲ್ಲ ನಿಯಮದ ಮೇಲೆ. "ನಮ್ಮ ಮನೆಯಲ್ಲಿ ಚೌಕಾನೋ ಬಾರಾನೋ ಬೀಳುವವರೆಗೆ ಕಾಯಿ ಇಳಿಸುವಂತಿಲ್ಲ," ಎಂದು ಒಬ್ಬ. "ನಮ್ಮ ಅಜ್ಜಿ ಮೊದಲ ಗರಕ್ಕೇ ಇಳಿಸುತ್ತಾರೆ," ಎಂದು ಇನ್ನೊಬ್ಬಳು. ಮೂರು ಸಲ ಒಂದೇಸಮನೆ ಚೌಕಾ ಬಿದ್ದರೆ ಲೆಕ್ಕಕ್ಕಿಲ್ಲ ಎಂದು ಮತ್ತೊಬ್ಬ. ನನ್ನ ಬಳಿ ತೀರ್ಪಿಗೆ ಬಂದರು. ನಾನು ಕೊಡಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ, ಪ್ರತಿ ಗುಂಪೂ ಕವಡೆ ಮುಟ್ಟುವ ಮುನ್ನ ಕುಳಿತು "ಇವತ್ತು ಯಾರ ಮನೆಯ ಆಟ?" ಎಂದು ನಿಷ್ಕರ್ಷೆ ಮಾಡಿಕೊಳ್ಳುತ್ತಿತ್ತು. ಒಪ್ಪಿದ ಮೇಲೆ ಅದು ತಮಗೇ ತಿರುಗುಬಾಣವಾದಾಗಲೂ ಪಾಲಿಸುತ್ತಿದ್ದರು, ಬಹುಮಟ್ಟಿಗೆ. ಮೊಬೈಲಿನ ಲೂಡೋ ಈ ಕೆಲಸವನ್ನು ಮಕ್ಕಳಿಂದ ಕಸಿದುಕೊಂಡಿದೆ. ಗರ ಅದೇ ಹಾಕುತ್ತದೆ, ಕಾಯಿ ಅದೇ ನಡೆಸುತ್ತದೆ, ತಪ್ಪು ನಡೆಗೆ ಅದು ಅವಕಾಶವನ್ನೇ ಕೊಡುವುದಿಲ್ಲ. ಮೋಸ ಮಾಡಲಾಗದ ಆಟದಲ್ಲಿ ಪ್ರಾಮಾಣಿಕವಾಗಿ ಇರುವುದಕ್ಕೂ ಜಾಗವಿಲ್ಲ.

ಮೋಸ ಎಂದಾಗ ನನ್ನ ಅಜ್ಜಿಯ ವಿಷಯ ಹೇಳಲೇಬೇಕು. ನನ್ನ ತವರು ತುಳುನಾಡು. ಇಲ್ಲಿ ಅಳಗುಳಿ ಮಣೆ ಎನ್ನುವುದನ್ನು ನಮ್ಮ ಕಡೆ ಚೆನ್ನೆಮಣೆ ಎನ್ನುತ್ತಾರೆ. ಮರದ ಹಲಗೆಯಲ್ಲಿ ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ, ಮಂಜೊಟ್ಟಿ ಎಂಬ ಕೆಂಪು ಬೀಜಗಳು. ಆಷಾಢದ ಹೊತ್ತಿನ ಆಟಿ ತಿಂಗಳ ಹುಚ್ಚುಮಳೆಯಲ್ಲಿ ಗದ್ದೆ ಕೆಲಸ ನಿಂತಾಗ ಅಟ್ಟದಿಂದ ಮಣೆ ಇಳಿಯುತ್ತಿತ್ತು. ಒಂದು ಗುಳಿಯ ಕಾಯಿಗಳನ್ನು ಎತ್ತಿ ಒಂದೊಂದಾಗಿ ಹಂಚುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಯಬೇಕು. ಆ ಮುಂದಿನ ಗುಳಿಯೇ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿ ಇದ್ದದ್ದು ನಮ್ಮ ಪಾಲು. ಯಾವ ಗುಳಿಯಿಂದ ಹೊರಟರೆ ಎಲ್ಲಿ ಹೋಗಿ ನಿಲ್ಲುತ್ತೇವೆ ಎಂಬುದು ಅಜ್ಜಿಗೆ ನೋಟಕ್ಕೇ ಗೊತ್ತಾಗುತ್ತಿತ್ತು. ನಾನು ತುಟಿಯಲ್ಲಾಡಿಸಿ ಎಣಿಸಿದರೆ, "ಕಣ್ಣಲ್ಲಿ ಎಣಿಸು, ಬಾಯಲ್ಲಿ ಅಲ್ಲ," ಎಂದು ಗದರುತ್ತಿದ್ದರು. ಎರಡು ಆಟಿ ಪೂರ್ತಿ ಸೋತೆ. ಮೂರನೆಯ ವರ್ಷ ನನಗೊಂದು ವಿಷಯ ಗೊತ್ತಾಯಿತು: ಅಜ್ಜಿ ಇಕ್ಕಟ್ಟಿನಲ್ಲಿದ್ದಾಗ ಒಂದು ಗುಳಿಗೆ ಎರಡು ಕಾಯಿ ಜಾರಿಸುತ್ತಿದ್ದರು! ಕೈ ಹಿಡಿದು ತೋರಿಸಿದೆ. ಬೈಯುತ್ತಾರೆಂದುಕೊಂಡಿದ್ದೆ. ನಕ್ಕು, ಮಣೆಯನ್ನು ನನ್ನ ಕಡೆಗೆ ತಳ್ಳಿ, "ಇಷ್ಟು ಕಾಣಲು ಎರಡು ವರ್ಷ ಬೇಕಾಯಿತಾ?" ಎಂದರು.

ಅದೇ ಅಜ್ಜಿ ನನ್ನನ್ನೂ ನನ್ನ ತಂಗಿಯನ್ನೂ ಎದುರುಬದುರು ಕೂರಿಸಿ ಆಡಿಸುತ್ತಿರಲಿಲ್ಲ. ತುಳುವಿನ ಸಿರಿ ಪಾಡ್ದನ ಎಂಬ ಜನಪದ ಹಾಡುಕಥೆಯಲ್ಲಿ ಅಬ್ಬಗ ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಆ ಜಗಳ ಬಾವಿಯಲ್ಲಿ ಇಬ್ಬರ ಸಾವಿನೊಂದಿಗೆ ಮುಗಿಯುತ್ತದೆ. ಅಕ್ಕತಂಗಿ ಚೆನ್ನೆ ಆಡಬಾರದೆಂಬ ನಂಬಿಕೆ ನಮ್ಮ ಕಡೆ ಇದೆ. ನಾನು ಆ ನಿಷೇಧವನ್ನು ಮುಂದುವರಿಸುತ್ತಿಲ್ಲ. ಆದರೆ ಆಟದಲ್ಲಿ ಮಕ್ಕಳಿಗೆ ಬರುವ ಸಿಟ್ಟನ್ನು ಹಿರಿಯರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ನೋಡಿ. ಸಿಟ್ಟು ಬರುತ್ತದೆ, ಮಣೆ ಮಗುಚುತ್ತದೆ, ಬೀಜಗಳು ಮಂಚದಡಿಗೆ ಉರುಳುತ್ತವೆ. ಆಗ ಹತ್ತಿರ ದೊಡ್ಡವರೊಬ್ಬರು ಇರಬೇಕು. ಬೀಜ ಹೆಕ್ಕಿಸುವುದಷ್ಟೇ ಅವರ ಕೆಲಸ.

ಅದೃಷ್ಟದ ಲವಲೇಶವೂ ಬೇಡ ಎನ್ನುವವರಿಗೆ ಹುಲಿ ಕುರಿ ಆಟವಿದೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಕುರಿಗಳು ಒಂದಕ್ಕೊಂದು ಒತ್ತಾಗಿ ನಿಂತು ಹುಲಿಯನ್ನು ಅಲುಗದಂತೆ ಕಟ್ಟಿಹಾಕಬೇಕು. ಮಕ್ಕಳೆಲ್ಲ ಹುಲಿಯಾಗಲು ಮುಗಿಬೀಳುತ್ತಾರೆ. ನಮ್ಮಲ್ಲಿ ಸದಾ ಮೌನವಾಗಿರುವ ಹುಡುಗಿಯೊಬ್ಬಳು ಕುರಿಯನ್ನೇ ಕೇಳಿ ಪಡೆಯುತ್ತಾಳೆ, ಅವಳನ್ನು ಸೋಲಿಸುವವರು ಈಗ ಶಾಲೆಯಲ್ಲಿ ಇಲ್ಲ, ನನ್ನನ್ನೂ ಸೇರಿಸಿ. ಹಂಪಿಯ ಪ್ರವಾಸದಲ್ಲಿ ಮಂಟಪವೊಂದರ ಹಾಸುಗಲ್ಲಿನ ಮೇಲೆ ಯಾರೋ ಎಂದೋ ಕೆತ್ತಿದ ಆಟದ ಗೆರೆಗಳನ್ನು ಮೊದಲು ಗುರುತಿಸಿದವಳೂ ಅವಳೇ. ಗೈಡ್ ಕಂಬದ ಶಿಲ್ಪ ತೋರಿಸುತ್ತಿದ್ದರೆ ನಮ್ಮ ಅರ್ಧ ಮಕ್ಕಳು ನೆಲದ ಮೇಲೆ ಬೆಣಚುಕಲ್ಲು ಜೋಡಿಸುತ್ತ ಕುಳಿತಿದ್ದರು. ನಾನು ಏಳಿಸಲಿಲ್ಲ.

ಮೈಸೂರಿಗೆ ಹೋಗುವವರು ಜಗನ್ಮೋಹನ ಅರಮನೆಯ ಗೋಡೆಗಳ ಮೇಲಿನ ಆಟದ ಪಟಗಳನ್ನು ಮಕ್ಕಳಿಗೆ ತೋರಿಸಿ. ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಆಡಳಿತ ಬ್ರಿಟಿಷರ ಪಾಲಾದ ಮೇಲೆ 1868ರವರೆಗೂ ಬದುಕಿದ್ದರು. ಕೈಯಲ್ಲಿ ರಾಜ್ಯಭಾರವಿಲ್ಲದ ಅವಧಿಯಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಹೊಸ ಹೊಸ ಆಟಗಳ ರಚನೆಯೂ ಒಂದು. ಅವರು ಸಂಗ್ರಹಿಸಿದ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವೇ ಇದಕ್ಕೆ ಮೀಸಲು. ದಶಾವತಾರದ ಗಂಜೀಫಾ ಎಂಬ ಹಳೆಯ ಇಸ್ಪೀಟಿನಲ್ಲಿ ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡರಂತೆ 120 ಎಲೆ. ಅರಸರಿಗೆ ಅದು ಸಾಲಲಿಲ್ಲ. ಹದಿನೆಂಟು ಬಣ್ಣಗಳವರೆಗೆ, 360 ಎಲೆಗಳವರೆಗೆ ಬೆಳೆಸಿದರು. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲ ಆಟವೂ ಮರಳಿ ಬರಬೇಕೆಂದು ನಾನು ಹೇಳುವವಳಲ್ಲ. 360 ಎಲೆ ಜೋಡಿಸುವಷ್ಟರಲ್ಲಿ ವಿಜಯದಶಮಿ ಕಳೆದಿರುತ್ತದೆ. ಅದೇ ಅರಸರಿಗೆ ಪ್ರಿಯವಾಗಿದ್ದ ಕುದುರೆ ನಡೆಯ ಸಮಸ್ಯೆಯನ್ನು ಮಾತ್ರ ಎಂಟನೆಯ ತರಗತಿಯವರು ಪ್ರಯತ್ನಿಸಲಿ: ಚದುರಂಗದ 64 ಮನೆಗಳನ್ನೂ ಕುದುರೆ ಒಂದೊಂದೇ ಸಲ ಮುಟ್ಟಬೇಕು. ಒಬ್ಬರೇ ಕುಳಿತು ಮಾಡಬಹುದು, ಚೌಕುಳಿ ಕಾಗದ ಸಾಕು.

ಅಂಗಡಿಯಲ್ಲಿ ಸಿಗುವ ಲೂಡೋ ಬೇಡವೇ ಎಂದು ಕೆಲವರು ಕೇಳಿದ್ದೀರಿ. ಧಾರಾಳವಾಗಿ ಆಡಿ. ಕವಡೆ ಹಾಕಿ ಆಡುವ ನಮ್ಮ ಪಚ್ಚೀಸಿಯೇ ಇಂಗ್ಲೆಂಡಿಗೆ ಹೋಗಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೂಡೋ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದು ಬಂದದ್ದು. ಹಾವು ಏಣಿಯದೂ ಇಂಥದೇ ಕಥೆ. ಪರಮಪದ ಸೋಪಾನದ ಪಟದಲ್ಲಿ ಏಣಿಗೊಂದು ಸದ್ಗುಣ, ಹಾವಿಗೊಂದು ದುರ್ಗುಣದ ಹೆಸರಿತ್ತು. ವೈಕುಂಠ ಏಕಾದಶಿಯ ಜಾಗರಣೆಗೆ ಅದನ್ನೇ ಹರಡುತ್ತಿದ್ದರು. ಅದೂ ಇಂಗ್ಲೆಂಡಿನ ಮನೆಗಳನ್ನು ಸೇರಿ ಮರಳುವಷ್ಟರಲ್ಲಿ ಹೆಸರುಗಳು ಉದುರಿ ಬರೀ ಅಂಕೆಗಳು ಉಳಿದಿದ್ದವು.

ಈಗ ಕೋರಿಕೆ. ಈ ರಜೆಗೆ ಒಂದರಿಂದ ಏಳನೆಯ ತರಗತಿಯವರೆಗೆ ಬರೆಯುವ ಮನೆಪಾಠ ಇರುವುದಿಲ್ಲ. ಬದಲಾಗಿ, ಮನೆಯಲ್ಲಿ ಅಥವಾ ಬೀದಿಯಲ್ಲಿ ಇರುವ ಹಿರಿಯರೊಬ್ಬರಿಂದ ಕುಳಿತು ಆಡುವ ಒಂದು ಆಟ ಕಲಿತು ಬರಬೇಕು. ನಿಮ್ಮ ಊರಿನಲ್ಲಿ ಅದಕ್ಕೆ ಏನೆನ್ನುತ್ತಾರೆ, ನಿಯಮ ಹೇಗೆ ಎಂಬುದನ್ನು ಹೇಳಲು ಬಂದರೆ ಸಾಕು. ಮಣೆ ಕೊಳ್ಳುವ ಅಗತ್ಯವಿಲ್ಲ. ಮೊಟ್ಟೆಯ ಟ್ರೇ ಕತ್ತರಿಸಿದರೆ ಅಳಗುಳಿಗೆ ಹದಿನಾಲ್ಕು ಗುಳಿ ಸಿಗುತ್ತವೆ. ಕೂಲಿಗೆ ಹೋಗಿ ದಣಿದು ಬರುವವರೂ, ರಾತ್ರಿ ಪಾಳಿಯವರೂ ನಿಮ್ಮಲ್ಲಿದ್ದೀರಿ ಎಂಬುದು ನನಗೆ ಗೊತ್ತು. ಹತ್ತು ದಿನವೂ ಕೂರಬೇಕೆಂದು ಕೇಳುತ್ತಿಲ್ಲ, ಒಂದು ಸಂಜೆ ಅರ್ಧ ಗಂಟೆ. ಆದರೆ ಕುಳಿತರೆ ನಿಜವಾಗಿ ಆಡಿ. ಮಗು ಅಳುತ್ತದೆಂದು ಸೋತುಕೊಡಬೇಡಿ. ಅವರಿಗೆ ಗೊತ್ತಾಗುತ್ತದೆ.

ಇನ್ನೊಂದು ಎಚ್ಚರಿಕೆ, ದಯವಿಟ್ಟು ಅಲಕ್ಷಿಸಬೇಡಿ. ಅಳಗುಳಿಗೆ ಹುಣಸೆ ಬೀಜ, ಬೆಣಚುಕಲ್ಲು ಯಾವುದಾದರೂ ಆದೀತು. ಕೆಂಪಿಗೆ ಕಪ್ಪು ಚುಕ್ಕಿ ಇರುವ ಗುಲಗಂಜಿ ಬೇಡ. ನೋಡಲು ಚೆಂದ, ಅಗಿದರೆ ವಿಷ. ಅಜ್ಜಿಯ ಮಣೆಯಲ್ಲಿದ್ದ ಮಂಜೊಟ್ಟಿ ಪೂರ್ತಿ ಕೆಂಪು, ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಆಟ ಮುಗಿದೊಡನೆ ಕಾಯಿಗಳನ್ನು ಎಣಿಸಿಯೇ ಡಬ್ಬಿಗೆ ಹಾಕಿ.

ಆ ನಾಲ್ಕು ಕವಡೆಗಳು ನನ್ನ ಮೇಜಿನ ಡ್ರಾಯರಿನಲ್ಲಿ ಭದ್ರವಾಗಿವೆ. ಅವು ತನ್ನ ಅಜ್ಜಿಯ ಕವಡೆಗಳು, ಅಪ್ಪನಿಗೂ ಆಟ ಬರುತ್ತದಂತೆ, ಎಂದು ಹುಡುಗ ಆಮೇಲೆ ಹೇಳಿದ. ತಂದೆಯವರು ಶನಿವಾರ ಹನ್ನೆರಡರ ನಂತರ ಬಂದು ತೆಗೆದುಕೊಂಡು ಹೋಗಬಹುದು. ಮೊಗಸಾಲೆಯ ಗೆರೆಗಳನ್ನು ಇನ್ನೂ ಅಳಿಸಿಲ್ಲ. ನನಗೆ ಆ ಹೊತ್ತಿಗೆ ತರಗತಿ ಇರುವುದಿಲ್ಲ.

ಇಂತಿ ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ