ನನ್ನದಲ್ಲದ ಬೈಕ್ ಸಾಲ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ: ತೆಗೆಯುವಂತೆ ಎರಡನೇ ದೂರು

ತುಮಕೂರು
14 ಜುಲೈ 2025

ಗೆ,
ನೋಡಲ್ ಅಧಿಕಾರಿಗಳು, ಗ್ರಾಹಕರ ದೂರು ವಿಭಾಗ, ಕ್ರೆಡಿಟ್ ಮಾಹಿತಿ ಕಂಪನಿ

ಪ್ರತಿ: ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ನೋಡಲ್ ಅಧಿಕಾರಿಗಳಿಗೆ

ಮಾನ್ಯರೇ,

ನೀವು ಕೊಟ್ಟಿರುವ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನನ್ನ ಸಾಲಗಳ ಮತ್ತು ಮರುಪಾವತಿಯ ದಾಖಲೆಯಲ್ಲಿ, ಒಂದು ಟೂ ವೀಲರ್ ಸಾಲ ಇದೆ. 2022ರ ಆಗಸ್ಟಿನಲ್ಲಿ ತೆಗೆದ 68,000 ರೂಪಾಯಿ, ಅದರಲ್ಲಿ 41,300 ಬಾಕಿ, ಖಾತೆಯ ಮುಂದೆ 'ರಿಟನ್ ಆಫ್', ಅಂದರೆ ವಸೂಲಾಗದ ಸಾಲ ಎಂಬ ಷರಾ. ಈ ಸಾಲ ನಾನು ಮಾಡಿದ್ದಲ್ಲ. ನನ್ನ ಹೆಸರಿನಲ್ಲಿರುವುದು ಒಂದೇ ಗಾಡಿ. ಅದಕ್ಕೆ ಪೂರ್ತಿ ದುಡ್ಡು ಕೊಟ್ಟಿದ್ದೇನೆ, ಆರ್‌ಸಿಯಲ್ಲಿ ಯಾವ ಫೈನಾನ್ಸಿನ ಹೆಸರೂ ಇಲ್ಲ.

ಜೂನ್ 2ರಂದು ನಿಮ್ಮ ವೆಬ್‌ಸೈಟಿನಲ್ಲಿ ಡಿಸ್‌ಪ್ಯೂಟ್ (ಮಾಹಿತಿ ತಪ್ಪು ಎಂಬ ದೂರು) ಹಾಕಿದ್ದೆ. ಜೂನ್ 23ಕ್ಕೆ ಮೆಸೇಜ್ ಬಂತು. ಸಾಲ ಕೊಟ್ಟ ಸಂಸ್ಥೆ ಮಾಹಿತಿ ಸರಿಯಿದೆ ಎಂದಿದೆ, ಬದಲಾವಣೆ ಇಲ್ಲ, ದೂರು ಮುಕ್ತಾಯ. ಕಾರಣ ಅಂತ ಒಂದು ಸಾಲೂ ಇಲ್ಲ.

ಆ ಸಂಸ್ಥೆ ಸುಳ್ಳು ಹೇಳಿದೆ ಎಂದು ನಾನು ಹೇಳುತ್ತಿಲ್ಲ. ಮಂಜುನಾಥ ಎಂಬುವವರೊಬ್ಬರು ಅವರ ಹತ್ತಿರ ಸಾಲ ಮಾಡಿದ್ದಾರೆ, ಕಂತು ನಿಲ್ಲಿಸಿದ್ದಾರೆ. ಅವರ ಪುಸ್ತಕದ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಆ ಮಂಜುನಾಥ ನಾನಲ್ಲ. ನೀವು ಅವರನ್ನು 'ಈ ಬಾಕಿ ಸರಿಯಾ' ಎಂದು ಕೇಳಿದ್ದೀರಿ, ಅವರು ಹೌದು ಎಂದಿದ್ದಾರೆ. 'ಈ ಸಾಲಗಾರನ ಪ್ಯಾನ್ ನಂಬರ್ ಯಾವುದು' ಎಂದು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು.

ರಿಪೋರ್ಟಿನ ಎರಡನೇ ಪುಟ ತೆಗೆದು ನೋಡಿ. ಗುರುತಿನ ಕಾಲಂನಲ್ಲಿ ಎರಡು ಪ್ಯಾನ್ ಇವೆ. ಒಂದು ನನ್ನದು. ಇನ್ನೊಂದು ಯಾರದೋ ಗೊತ್ತಿಲ್ಲ. ಒಬ್ಬರು ಎರಡು ಪ್ಯಾನ್ ಇಟ್ಟುಕೊಳ್ಳುವ ಹಾಗೇ ಇಲ್ಲ, ಇಟ್ಟುಕೊಂಡರೆ 10,000 ರೂಪಾಯಿ ದಂಡ ಹಾಕಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಎರಡು ಪ್ಯಾನ್ ಒಂದೇ ಫೈಲಿಗೆ ಬಂದು ಕೂತಾಗ ನಿಮ್ಮ ಕಂಪ್ಯೂಟರಿಗೆ ಅನುಮಾನ ಬರಬೇಕಿತ್ತು, ಅಲ್ವಾ? ಅದೇ ಪುಟದಲ್ಲಿ ತುಮಕೂರಿನ ನನ್ನ ಮನೆ ವಿಳಾಸದ ಕೆಳಗೆ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯ ವಿಳಾಸವಿದೆ. ಆ ಊರು ಎಲ್ಲಿದೆ ಎಂದು ನಾನು ಫೋನಿನ ಮ್ಯಾಪಿನಲ್ಲಿ ಹುಡುಕಿ ನೋಡಬೇಕಾಯಿತು.

ಇದು ಹೇಗಾಯಿತು ಎಂದು ಊಹಿಸುವುದು ಕಷ್ಟವೇನಲ್ಲ. ಇಬ್ಬರೂ ಮಂಜುನಾಥ. ಇಬ್ಬರ ಇನಿಷಿಯಲ್ಲೂ ಆರ್. ನನಗೆ ಅದು ಅಪ್ಪನ ಹೆಸರು, ಅವರಿಗೆ ಊರಿನ ಹೆಸರೋ ಮನೆತನದ ಹೆಸರೋ ಇರಬಹುದು. ಹುಟ್ಟಿದ ತಾರೀಖು ಇಬ್ಬರಿಗೂ ಒಂದೇ, ಜೂನ್ 1, ವರ್ಷವೂ ಅದೇ. ಮುಂಬೈಯಲ್ಲೋ ದೆಹಲಿಯಲ್ಲೋ ಕೂತು ನೋಡುವವರಿಗೆ ಇದು ದೊಡ್ಡ ಸಾಕ್ಷಿ ಅನ್ನಿಸಬಹುದು. ನಮ್ಮ ಕಡೆ ಹಾಗಲ್ಲ. ಮಗುವನ್ನು ಶಾಲೆಗೆ ಸೇರಿಸುವ ದಿನ ಮೇಷ್ಟ್ರು ರಿಜಿಸ್ಟರಿನಲ್ಲಿ ಏನು ಬರೆದರೋ ಅದೇ ಹುಟ್ಟಿದ ತಾರೀಖು. ಜೂನಿನಲ್ಲಿ ಶಾಲೆ ಶುರು, ವಯಸ್ಸು ಸರಿಹೋಗಬೇಕು, ಜೂನ್ 1 ಎಂದು ಬರೆದುಬಿಡುತ್ತಿದ್ದರು. ನನ್ನ ಕ್ಲಾಸಿನಲ್ಲೇ ಅರ್ಧ ಜನಕ್ಕೆ ಅದೇ ಹುಟ್ಟುಹಬ್ಬ. ಇನ್ನು ಮಂಜುನಾಥ ಎಂಬ ಹೆಸರು ಕರ್ನಾಟಕದಲ್ಲಿ ಎಷ್ಟು ಜನಕ್ಕಿದೆ ಎಂದು ನಾನು ಹೇಳಬೇಕಾಗಿಲ್ಲ. ಇಲ್ಲಿನವರನ್ನು ಬೇರೆ ಬೇರೆಯಾಗಿ ಗುರುತಿಸಲು ಹೆಸರು, ತಾರೀಖು ಸಾಲುವುದಿಲ್ಲ. ಪ್ಯಾನ್ ನೋಡಲೇಬೇಕು.

ತಪ್ಪು ನಿಮ್ಮ ಕಡೆಯೇ ಆಗಿದೆ ಎನ್ನಲು ಇನ್ನೊಂದು ಕಾರಣವಿದೆ. ದೇಶದಲ್ಲಿ ನಿಮ್ಮಂಥ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕು. ಸಾಲ ಕೊಡುವವರು ನಾಲ್ಕಕ್ಕೂ ಸದಸ್ಯರಾಗಿ ಮಾಹಿತಿ ಕಳಿಸಬೇಕು ಎಂದು 2015ರಲ್ಲೇ ಆರ್‌ಬಿಐ ಹೇಳಿದೆ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ರಿಪೋರ್ಟನ್ನು ಉಳಿದ ಮೂರೂ ಕಡೆಯಿಂದ ತರಿಸಿದ್ದೇನೆ. ಮೂರರಲ್ಲೂ ಈ ಸಾಲ ಇಲ್ಲ. ಫೈನಾನ್ಸಿನವರು ನನ್ನ ಪ್ಯಾನ್ ಹಾಕಿ ಕಳಿಸಿದ್ದರೆ ಅಲ್ಲೂ ಕಾಣಿಸಬೇಕಿತ್ತು.

ನಿಮ್ಮ ಹೆಲ್ಪ್‌ಲೈನಿನವರು 'ಸಾಲ ಕೊಟ್ಟವರನ್ನೇ ಕೇಳಿ' ಎಂದರು. ಸರಿ, ಕೇಳಿದೆ. ಫೈನಾನ್ಸಿನ ತುಮಕೂರು ಶಾಖೆಯಲ್ಲಿ ನನ್ನ ಪ್ಯಾನ್ ಹಾಕಿ ಹುಡುಕಿದರು, ಏನೂ ಸಿಗಲಿಲ್ಲ. 'ನೀವು ನಮ್ಮ ಕಸ್ಟಮರ್ ಅಲ್ವಲ್ಲ ಸರ್, ದೂರು ಹೇಗೆ ತಗೊಳ್ಳೋದು' ಎಂದರು. ಆ ಮಾತನ್ನು ಬರೆದುಕೊಡಿ ಎಂದರೆ ಕೊಡಲಿಲ್ಲ. ಬದಲಿಗೆ ಅಲ್ಲಿದ್ದ ಒಬ್ಬರು ಒಂದು ಉಪಾಯ ಹೇಳಿದರು. ಏನೋ ಸ್ವಲ್ಪ ಕಟ್ಟಿ ಸೆಟಲ್ ಮಾಡಿಕೊಂಡುಬಿಡಿ, ಎನ್‌ಒಸಿ (ಬಾಕಿ ಇಲ್ಲ ಎಂಬ ಪತ್ರ) ಕೊಡಿಸುತ್ತೇವೆ ಅಂತ. ಕಟ್ಟಿದರೆ ಸಾಲ ನನ್ನದೇ ಎಂದು ನಾನೇ ಒಪ್ಪಿದ ಹಾಗೆ. ಆಮೇಲೆ ರಿಪೋರ್ಟಿನಲ್ಲಿ 'ಸೆಟಲ್ಡ್', ಅಂದರೆ ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡ ಸಾಲ ಎಂದು ಬರುತ್ತದೆ, ಅದನ್ನು ನೋಡಿದರೂ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಸುಮ್ನೆ ದುಡ್ಡು ದಂಡ.

ನನಗೆ ಆಗಿರುವ ನಷ್ಟ ಇಷ್ಟು. ಮನೆ ಮೇಲೆ ಒಂದು ಅಂತಸ್ತು ಕಟ್ಟಿಸಲು ಬ್ಯಾಂಕಿನಲ್ಲಿ ಸಾಲ ಕೇಳಿದ್ದೆ. ಅರ್ಜಿಯನ್ನು ತಡೆಹಿಡಿದಿದ್ದಾರೆ. ಮೋಲ್ಡ್ ಹಾಕಿಸುವುದು ನಿಂತಿದೆ, ಪಿಲ್ಲರಿನ ಕಂಬಿಗಳು ಮಳೆಯಲ್ಲಿ ತುಕ್ಕು ಹಿಡಿಯುತ್ತಿವೆ.

ಇದಲ್ಲದೆ ನೀವು ಗಮನಿಸಿಯೇ ಇಲ್ಲದ ಒಂದು ಸಂಗತಿ ಇದೆ. ಆ ಇನ್ನೊಬ್ಬ ಮಂಜುನಾಥರ ವಿಳಾಸ, ಪ್ಯಾನ್, ಕಂತಿನ ಚರಿತ್ರೆ ಎಲ್ಲ ನನ್ನ ಕೈಗೆ ಬಂದಿದೆ. ಕಂತು ಎಷ್ಟು ದಿನ ತಡವಾಗಿದೆ ಎಂದು ತೋರಿಸುವ ತಿಂಗಳ ಚೌಕಗಳಲ್ಲಿ ಮೊದಲು ಸಾಲಾಗಿ 000, 000. ಆಮೇಲೆ 030, 060, 090. ಪಾಪ, ಅಲ್ಲಿವರೆಗೆ ಸರಿಯಾಗಿ ಕಟ್ಟುತ್ತಿದ್ದವರಿಗೆ ಆ ಹೊತ್ತಿಗೆ ಏನೋ ಕಷ್ಟ ಬಂದಿರಬೇಕು. ಆದರೆ ಅದು ನನಗೆ ಗೊತ್ತಾಗಬಾರದಿತ್ತು. ನನ್ನ ವಿವರಗಳೂ ಹೀಗೇ ಅವರ ಕೈ ಸೇರಿವೆಯೋ ಏನೋ. ಈ ಪತ್ರದ ಜೊತೆಗಿರುವ ಪ್ರತಿಗಳಲ್ಲಿ ಅವರ ವಿವರಗಳ ಮೇಲೆ ಮಸಿ ಬಳಿದಿದ್ದೇನೆ. ಮಾಹಿತಿ ಸರಿಯಾಗಿರಬೇಕು, ಬೇರೆಯವರ ಕೈಗೆ ಹೋಗಬಾರದು ಎಂದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ.

ಹಾಗಾಗಿ ನಾನು ಕೇಳುವುದು ಬರೀ ಆ ಸಾಲವನ್ನು ಅಳಿಸಿ ಎಂದಲ್ಲ. ಈ ಜನವರಿಯಿಂದ ಸಾಲ ಕೊಟ್ಟವರು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸುತ್ತಿದ್ದಾರೆ. ಇವತ್ತು ಅಳಿಸಿದರೆ ಮುಂದಿನ ಸಲ ಅದೇ ಕಂಪ್ಯೂಟರ್ ಮತ್ತೆ ತಂದು ನನಗೇ ಅಂಟಿಸುತ್ತದೆ. ಇಬ್ಬರ ಫೈಲುಗಳನ್ನು ಪ್ಯಾನ್ ಪ್ರಕಾರ ಬೇರೆ ಮಾಡಿ. ಸಾಲ ಕೊಟ್ಟವರು ದೃಢೀಕರಿಸದೆ ತಿದ್ದಲು ಬರುವುದಿಲ್ಲ ಎಂದು ನೀವು ಹೇಳಬಹುದು, ಕಾಯ್ದೆಯ 21ನೇ ಸೆಕ್ಷನ್ನಿನಲ್ಲಿ ಅದು ಇದೆ. ದೃಢೀಕರಣ ತರಿಸಿಕೊಳ್ಳಿ. ಸಾಲದ ಅರ್ಜಿಯ ಜೊತೆ ಕೊಟ್ಟ ಪ್ಯಾನ್ ಯಾವುದು, ಫೋಟೊ ಯಾರದು ಎಂದು ಕೇಳಿ. ತಿದ್ದಿದ ಮೇಲೆ ಹೊಸ ರಿಪೋರ್ಟ್ ಕಳಿಸಿ, ನನ್ನ ಬ್ಯಾಂಕಿಗೆ ತೋರಿಸಲು ಒಂದು ಪತ್ರವನ್ನೂ ಕೊಡಿ.

ಅದೇ ಸೆಕ್ಷನ್ ತಿದ್ದುವುದಕ್ಕೆ 30 ದಿನದ ಗಡುವು ಕೊಟ್ಟಿದೆ. ಅದು ಜುಲೈ 2ಕ್ಕೆ ಮುಗಿಯಿತು. ಅಲ್ಲಿಂದಾಚೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ಆರ್‌ಬಿಐ 2023ರ ಅಕ್ಟೋಬರ್ 26ರ ಸುತ್ತೋಲೆಯಲ್ಲಿ ಹೇಳಿದೆ. ದೂರು ಮುಕ್ತಾಯ ಎಂದು ಮೆಸೇಜ್ ಕಳಿಸಿದ ಮಾತ್ರಕ್ಕೆ ದೂರು ಬಗೆಹರಿದ ಹಾಗಲ್ಲ. ಆ ನೂರು ರೂಪಾಯಿ ಕೊಡುವವರು ನೀವೋ ಫೈನಾನ್ಸಿನವರೋ, ಅದನ್ನು ನಿಮ್ಮಲ್ಲೇ ತೀರ್ಮಾನಿಸಿಕೊಳ್ಳಿ. ನನ್ನ ಖಾತೆ ನಂಬರ್ ಜೊತೆಯಲ್ಲಿದೆ.

ಜುಲೈ 31ರ ಒಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ ಇದೇ ಕಾಗದಗಳನ್ನು ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಕಳಿಸುತ್ತೇನೆ. 2022ರ ಸೆಪ್ಟೆಂಬರಿನಿಂದ ನಿಮ್ಮಂಥ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ.

ಪ್ಯಾನ್ ಕಾರ್ಡ್, ಆರ್‌ಸಿ, ನಿಮ್ಮ ರಿಪೋರ್ಟಿನ ಪುಟಗಳು, ಉಳಿದ ಮೂರು ರಿಪೋರ್ಟುಗಳು ಮತ್ತು ಜೂನ್ 23ರ ಮೆಸೇಜಿನ ಪ್ರಿಂಟ್ ಲಗತ್ತಿಸಿದ್ದೇನೆ.

ಇಂತಿ,
ಮಂಜುನಾಥ ಆರ್.