ಟ್ರೇಲ್ ಕ್ಯಾಮೆರಾ ಖರೀದಿ: ತೋಟಗಾರ ಸದಸ್ಯರ ಗಮನಕ್ಕೆ

ಕಾಡುಹಂದಿಗಳ ಓಡಾಟದ ಜೊತೆಗೆ ಅಡಿಕೆ ಕಳ್ಳತನದ ಮೇಲೂ ಕಣ್ಣಿಡಲು ಟ್ರೇಲ್ ಕ್ಯಾಮೆರಾ (ಎದುರು ಓಡಾಡುವವರ ಮೈಶಾಖ, ಚಲನೆಯನ್ನು ಸೆನ್ಸರಿನಿಂದ ಗುರುತಿಸಿ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಕೊಳ್ಳುವವರು ಪೆಟ್ಟಿಗೆಯ ಮೇಲಿನ ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗದೆ, ಪ್ರಾಣಿ ಎದುರಾದ ಎಷ್ಟು ಹೊತ್ತಿಗೆ ಚಿತ್ರ ತೆಗೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಅದು ನಿಧಾನವಾದರೆ ಕಾರ್ಡಿನಲ್ಲಿ ಉಳಿಯುವುದು ಹಂದಿಯ ಬಾಲ ಮಾತ್ರ. 850 ನ್ಯಾನೊಮೀಟರಿನ ಇನ್‌ಫ್ರಾರೆಡ್ ದೀಪ ಹೆಚ್ಚು ದೂರ ಬೆಳಗಿದರೂ ಕತ್ತಲಲ್ಲಿ ಮಂದ ಕೆಂಪಾಗಿ ಕಂಡು ಕಳ್ಳನಿಗೆ ಸುಳಿವು ಕೊಡುವುದರಿಂದ, ಗೇಟಿನ ಬಳಿಗೆ ಕಣ್ಣಿಗೆ ಕಾಣದ 940 ನ್ಯಾನೊಮೀಟರಿನದೇ ಸರಿ. ಸಿಮ್ ಹಾಕಿದರೆ ಚಿತ್ರವನ್ನು ಫೋನಿಗೆ ಕಳಿಸುವ ಮಾದರಿಯಾದರೆ ತೋಟದ ಆ ಮೂಲೆಯಲ್ಲಿ ನೆಟ್‌ವರ್ಕ್ ಸಿಗುವುದೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ಕಟ್ಟುವಾಗ ಬೆಳಗು, ಸಂಜೆಯ ಬಿಸಿಲು ನೇರ ಬೀಳುವ ಪೂರ್ವ, ಪಶ್ಚಿಮಗಳಿಗೆ ಮುಖ ಮಾಡದೆ, ಎದುರಿನ ಕಳೆಯನ್ನು ಸವರಿಬಿಡಿ; ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲುಗಿದರೂ ಸೆನ್ಸರ್ ಎಚ್ಚರಗೊಳ್ಳುವುದರಿಂದ, ನನ್ನ ಕಾರ್ಡಿನ ತುಂಬ ಒಂದೇ ವಾರದಲ್ಲಿ ಲಂಟಾನದ ಚಿತ್ರಗಳೇ ಇದ್ದವು. ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಕ್ಯಾಮೆರಾ ಇಡಬಾರದು.